ಹಟ್ಟಿಯ ಚಿನ್ನಕ್ಕೆ ತಿಜೋರಿಯಾಚೆಗೂ ಕೆಲಸವಿದೆ

ನಮ್ಮ ಭಾಗದ ವರ್ತಕರಿಗೆ ಚಿನ್ನವೆಂದರೆ ತೊಲೆಯ ಲೆಕ್ಕ ಮತ್ತು ದಿನದ ಧಾರಣೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ತೆಗೆದ ಚಿನ್ನ ಗಟ್ಟಿಯಾಗಿ ಹೊರಹೋಗುತ್ತದೆ. ಸಾಲಗುಂದ, ಸಿಂಧನೂರು ಸುತ್ತಲಿನ ಭತ್ತ ಅಕ್ಕಿಯಾಗಿ ಹೊರಹೋಗುತ್ತದೆ. ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದ ಬೀಡನ್ ಅವರೂ ಚಿನ್ನದ ಗಣಿಯ ಎಂಜಿನಿಯರೇ ಆಗಿದ್ದರು. ಒಡನಾಟ ಇಷ್ಟು ಹಳೆಯದಾದರೂ, ಚಿನ್ನಕ್ಕೆ ಕೈಗಾರಿಕೆಯಲ್ಲಿ ದೊರೆತಿರುವ ಹೊಸ ಕೆಲಸವನ್ನು ನಮ್ಮ ಉದ್ಯಮಿಗಳು ಚರ್ಚಿಸಿದ್ದು ಕಡಿಮೆ.

ಯಾವುದರೊಡನೆಯೂ ಸುಲಭವಾಗಿ ಬೆರೆಯದಿರುವುದೇ ಚಿನ್ನದ ಗುಣವೆಂದು ಬಹುಕಾಲ ನಂಬಲಾಗಿತ್ತು. 1987ರಲ್ಲಿ ಜಪಾನಿನ ಮಸತಾಕೆ ಹರುಟ ಈ ನಂಬಿಕೆಯನ್ನು ಅಲುಗಾಡಿಸಿದರು. ಲೋಹದ ಆಕ್ಸೈಡಿನ ಮೇಲೆ ಕೂರಿಸಿದ ಕೆಲವೇ ನ್ಯಾನೋಮೀಟರ್ ಗಾತ್ರದ ಚಿನ್ನದ ಕಣಗಳು ಶೂನ್ಯ ಡಿಗ್ರಿಗಿಂತ ಬಹಳ ಕೆಳಗೂ ವಿಷಕಾರಿ ಕಾರ್ಬನ್ ಮೊನಾಕ್ಸೈಡನ್ನು ಉರಿಸಬಲ್ಲವೆಂದು ತೋರಿಸಿದರು. ಗಾತ್ರ ಕುಗ್ಗಿದಷ್ಟೂ ಮೇಲ್ಮೈ ಹಿಗ್ಗುವುದು ಇದಕ್ಕೆ ಒಂದು ಕಾರಣ. ಒಂದು ಗ್ರಾಂ ಚಿನ್ನದ ಘನಾಕೃತಿಗೆ ಒಂದು ಚದರ ಸೆಂಟಿಮೀಟರಿನಷ್ಟೂ ಮೇಲ್ಮೈ ಇರುವುದಿಲ್ಲ. ಅದನ್ನೇ 5 ನ್ಯಾನೋಮೀಟರ್ ಕಣಗಳನ್ನಾಗಿಸಿದರೆ ಸುಮಾರು 60 ಚದರ ಮೀಟರ್, ಅಂದರೆ 20x30 ಅಡಿ ನಿವೇಶನಕ್ಕಿಂತ ತುಸು ಹೆಚ್ಚು!

ಈ ಕಣಗಳನ್ನು ಅರೆವಾಹಕದ ಮೇಲೆ ಕೂರಿಸಿದಾಗ ಬಿಸಿಲೂ ಕೆಲಸಕ್ಕಿಳಿಯುತ್ತದೆ. ಬಿಳಿ ಪೇಂಟಿನಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಅಂಥದೊಂದು ಅರೆವಾಹಕ. ಬೆಳಕು ಬಿದ್ದಾಗ ಅದರಲ್ಲಿ ಬಿಡುಗಡೆಯಾಗುವ ಎಲೆಕ್ಟ್ರಾನುಗಳು ಕ್ಷಣಾರ್ಧದಲ್ಲಿ ಮರಳಿ ಸ್ವಸ್ಥಾನ ಸೇರಿಬಿಡುತ್ತವೆ. ಲೋಹದ ಕಣ ಅವನ್ನು ತಡೆಹಿಡಿದು ರಾಸಾಯನಿಕ ಕ್ರಿಯೆಗೆ ಒದಗಿಸುತ್ತದೆ. ಟೈಟಾನಿಯಾ ಬಳಸಿಕೊಳ್ಳುವುದು ಬಿಸಿಲಿನ ಅಲ್ಪ ಭಾಗವಾದ ನೇರಳಾತೀತ ಕಿರಣಗಳನ್ನು ಮಾತ್ರ. ಚಿನ್ನದ ಕಣಗಳಾದರೋ ಕಣ್ಣಿಗೆ ಕಾಣುವ ಹಸಿರು ಬೆಳಕನ್ನೂ ಹೀರಬಲ್ಲವು.

ಇದರಿಂದ ನೀರನ್ನು ಒಡೆದು ಜಲಜನಕ ಪಡೆಯುವ ಕನಸು 1972ರ ಫುಜಿಶಿಮಾ-ಹೊಂಡಾ ಪ್ರಯೋಗದಿಂದಲೂ ಇದೆ. 2021ರಲ್ಲಿ ಜಪಾನಿನ ತಂಡವೊಂದು ಇಂಥ ಪದಾರ್ಥದ ಹಾಳೆಗಳನ್ನು 100 ಚದರ ಮೀಟರಿನಲ್ಲಿ ಹರಡಿ ಜಲಜನಕ ತೆಗೆಯಿತು; ಗರಿಷ್ಠ ದಕ್ಷತೆ ಶೇ. 0.76. ಮಿಲ್ಲಿನ ಛಾವಣಿಗೆ ಹಾಕಿಸುವ ಸಿಲಿಕಾನ್ ಫಲಕ ಶೇ. 20ರಷ್ಟು ಬಿಸಿಲನ್ನು ವಿದ್ಯುತ್ತಾಗಿಸುತ್ತದೆ. ಆದುದರಿಂದ 2023ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಹಸಿರು ಜಲಜನಕ ಯೋಜನೆಯ 19,744 ಕೋಟಿ ರೂಪಾಯಿ ಕಂಡು ಯಾರೂ ಆತುರಪಡಬೇಕಿಲ್ಲ. ಛಾವಣಿಯ ಮೇಲೆ ಸದ್ಯಕ್ಕೆ ಸಿಲಿಕಾನ್ ಇರಲಿ.

ನಮಗೆ ಹತ್ತಿರವಾದ ಉಪಯೋಗ ಕೊಳೆನೀರಿನ ಶುದ್ಧೀಕರಣ. ಹಟ್ಟಿಯೂ ಸೇರಿದಂತೆ ಚಿನ್ನದ ಗಣಿಗಳಲ್ಲಿ ಅದಿರಿನಿಂದ ಲೋಹ ಬೇರ್ಪಡಿಸಲು ಸಯನೈಡ್ ಬಳಸುತ್ತಾರೆ. ನೀರಿನಲ್ಲಿರುವ ಸಯನೈಡನ್ನು ಟೈಟಾನಿಯಾ ಪುಡಿ ಬೆಳಕಿನಲ್ಲಿ ಉತ್ಕರ್ಷಿಸಬಲ್ಲದೆಂದು ಅಮೆರಿಕದ ಫ್ರಾಂಕ್ ಮತ್ತು ಬಾರ್ಡ್ 1977ರಲ್ಲೇ ತೋರಿಸಿದ್ದಾರೆ. ಭತ್ತ ನೆನೆಸುವ ಕುಸುಬಲಕ್ಕಿ ಮಿಲ್ಲುಗಳ ನೀರಿನದು ಬೇರೆ ಕಥೆ. ಅದರಲ್ಲಿ ಸಾವಯವ ಅಂಶ ವಿಪರೀತ. ನೀರು ಮಸುಕಾಗಿದ್ದರೆ ಬೆಳಕು ಒಳಗಿಳಿಯದು. ಮೊದಲು ಜೈವಿಕ ಸಂಸ್ಕರಣೆಯಾಗಿ, ಉಳಿದ ಬಣ್ಣ ವಾಸನೆಗಳನ್ನು ಕಳೆಯುವ ಕೊನೆಯ ಹಂತಕ್ಕಷ್ಟೇ ಈ ವಿಧಾನ ಯೋಗ್ಯ. ಹೊಂಡಕ್ಕೆ ಪುಡಿ ಎರಚಿದರೆ ಸಾಕೆನ್ನುವ ಮಾರಾಟಗಾರನನ್ನು ಬಾಗಿಲಲ್ಲೇ ಬೀಳ್ಕೊಡುವುದು ಲೇಸು. 2021ರಲ್ಲಿ ಬಂದ ನ್ಯಾನೋ ಯೂರಿಯಾದ ಬಳಿಕ ‘ನ್ಯಾನೋ’ ಎಂಬ ಹಣೆಪಟ್ಟಿ ಹಳ್ಳಿಯ ಗೊಬ್ಬರದ ಅಂಗಡಿಗೂ ಪರಿಚಿತ. ಹಣೆಪಟ್ಟಿಯೇ ಗುಣಕ್ಕೆ ಸಾಕ್ಷಿಯಲ್ಲ.

ಯೂರಿಯಾ ಎಂದಾಗ ಇನ್ನೊಂದು ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಸಿ. ಪಾಟೀಲರು ಸಹೋದ್ಯೋಗಿಯೊಡನೆ 1988ರಲ್ಲಿ ಲೋಹದ ನೈಟ್ರೇಟಿಗೆ ಯೂರಿಯಾ ಬೆರೆಸಿ ಉರಿಸಿ, ಕೆಲವೇ ನಿಮಿಷಗಳಲ್ಲಿ ನಯವಾದ ಆಕ್ಸೈಡ್ ಪುಡಿ ಪಡೆಯುವ ವಿಧಾನ ಪ್ರಕಟಿಸಿದರು. ಅದೇ ಹಾದಿಯಲ್ಲಿ, ಯೂರಿಯಾದ ಬದಲು ಗ್ಲೈಸಿನ್ ಬಳಸಿ, ಎಂ.ಎಸ್. ಹೆಗಡೆ ಮತ್ತು ಗಿರಿಧರ ಮದ್ರಾಸ್ ಅವರ ತಂಡ 2000ದ ದಶಕದಲ್ಲಿ ನ್ಯಾನೋ ಟೈಟಾನಿಯಾ ತಯಾರಿಸಿ ಬಿಸಿಲಿನಲ್ಲಿ ಬಣ್ಣದ ನೀರನ್ನು ತಿಳಿಗೊಳಿಸಿ ತೋರಿಸಿತು. ಜ್ಞಾನ ನಮ್ಮ ರಾಜ್ಯದಲ್ಲೇ ಇದೆ, ಬಿಸಿಲಿಗಂತೂ ರಾಯಚೂರು ಜಿಲ್ಲೆಯಲ್ಲಿ ಬರವಿಲ್ಲ.

ನಮ್ಮ ಸಲಹೆ ಇಷ್ಟೆ: ಸಿಂಧನೂರಿನ ಮಿಲ್ ಮಾಲೀಕರು ಒಂದು ಮಿಲ್ಲಿನ ಸಂಸ್ಕರಿತ ನೀರನ್ನು ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿ, ಒಂದು ಹಂಗಾಮು ಪೂರ್ತಿ ಪರೀಕ್ಷೆ ಮಾಡಿಸಲಿ. ಮೊದಲು ಬರಿಯ ಟೈಟಾನಿಯಾ, ಬಳಿಕ ಲೋಹದ ಕಣ ಸೇರಿಸಿದ್ದು. ಸಾವಿರ ಲೀಟರಿಗೆ ತಗಲುವ ಖರ್ಚು ಮತ್ತು ಪುಡಿಯನ್ನು ಎಷ್ಟು ಬಾರಿ ಮರುಬಳಸಬಹುದೆಂಬ ಲೆಕ್ಕ ಈ ಎರಡೂ ಕೈಗೆ ಬರುವವರೆಗೆ ಯಂತ್ರೋಪಕರಣಕ್ಕೆ ಯಾರೂ ಮುಂಗಡ ಕೊಡಬಾರದು. ಪರೀಕ್ಷೆಯ ವೆಚ್ಚವನ್ನು ಮಿಲ್ಲುಗಳ ಸಾಮರ್ಥ್ಯಕ್ಕನುಗುಣವಾಗಿ ಹಂಚಿಕೊಳ್ಳುವ ಪ್ರಸ್ತಾಪ ಮುಂದಿನ ಸಭೆಯ ವಿಷಯಪಟ್ಟಿಗೆ ಬರಲಿ.