ಹಗ್ಗ ಬಿಗಿಯುವ ವಿದ್ಯಾವಂತರು

ಪಟ್ಟಣದ ವಿದ್ಯಾವಂತರಿಗೆ ಈಚೆಗೆ ಕಾಡಿನ ಹುಚ್ಚು ಹಿಡಿದಿದೆ. ಶನಿವಾರ ಬಂತೆಂದರೆ ಕುಮಾರಪರ್ವತವೋ ಕೊಡಚಾದ್ರಿಯೋ, ಹೊರಟೇಬಿಡುತ್ತಾರೆ. ಒಳ್ಳೆಯದೇ, ಗೋಡೆಗಳ ನಡುವೆ ಕೊಳೆಯುವುದಕ್ಕಿಂತ ಗುಡ್ಡ ಹತ್ತುವುದು ಮೇಲು. ಆದರೆ ಹಲವರ ಬೆನ್ನಿನ ಚೀಲ ಬಿಚ್ಚಿದರೆ ನಗಬೇಕೋ ಅಳಬೇಕೋ ತಿಳಿಯದು. ಹೊಳೆಯುವ ಚಾಕು, ಬಿಗಿಯುವ ಪಟ್ಟಿ, ವಿಷ ಹೀರುವ ಪುಟ್ಟ ಪಂಪು! ಹಾವು ಕಚ್ಚಿದರೇನು ಮಾಡುವಿರೆಂದು ಕೇಳಿ: ಕಟ್ಟಬೇಕು, ಕೊಯ್ಯಬೇಕು, ಹೀರಬೇಕು ಎಂದು ಸಿನಿಮಾ ನಾಯಕನಿಂದ ಕಲಿತ ವೈದ್ಯವನ್ನು ಒಪ್ಪಿಸುತ್ತಾರೆ. ಇದೇ ಮಹನೀಯರು ಹಳ್ಳಿಯವನ ಮಂತ್ರವನ್ನೂ ವಿಷಕಲ್ಲನ್ನೂ ಕಂಡು ಮೂಗು ಮುರಿಯುತ್ತಾರೆ.

ಇವೆರಡೂ ಒಂದೇ ಜಾತಿಯ ಮೌಢ್ಯವೆಂದು ನನ್ನ ವಾದ. ಮಂತ್ರ ಹೊತ್ತು ಕಳೆದು ಕೊಲ್ಲುತ್ತದೆ. ಚಾಕು ಹೊತ್ತನ್ನೂ ಕಳೆಯುತ್ತದೆ, ಗಾಯವನ್ನೂ ಮಾಡುತ್ತದೆ.

ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತದೆ. ಅಂಥ ವಿಷವೇರಿದವನ ಕಾಲನ್ನು ಕೊಯ್ದರೆ ರಕ್ತ ನಿಲ್ಲುವುದೆಂತು? ಹಗ್ಗ ಬಿಗಿದರೆ ರಕ್ತಸಂಚಾರ ನಿಂತು ಕಾಲೇ ಕೊಳೆಯಬಹುದು. ಒಮ್ಮೆಗೇ ಬಿಚ್ಚಿದರೆ ತಡೆದಿದ್ದ ವಿಷ ಮೈಗೆ ನುಗ್ಗಬಹುದು. ಇನ್ನು ಹೀರುವ ಮಾತು. ಚರ್ಮದ ಕೆಳಗೆ ಹರಡಿಹೋದ ವಿಷ ಬಾಯಿಗಾಗಲಿ ಪಂಪಿಗಾಗಲಿ ಸಿಕ್ಕುವುದಿಲ್ಲ. ಸಿಕ್ಕುವುದು ರಕ್ತ ಮಾತ್ರ.

ಹಾಗಾದರೆ ನಮ್ಮೂರ ಪಂಡಿತರು ಅಷ್ಟು ಜನರನ್ನು ಉಳಿಸಿದ್ದು ಸುಳ್ಳೇ ಎಂದು ಕೇಳುವವರುಂಟು. ನಮ್ಮ ಬಹುಪಾಲು ಹಾವುಗಳಿಗೆ ಮನುಷ್ಯನನ್ನು ಕೊಲ್ಲುವ ವಿಷವೇ ಇಲ್ಲ. ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಹೇಗೂ ಉಳಿಯಲಿದ್ದವನು ಉಳಿದ. ಕೀರ್ತಿ ಕಲ್ಲಿಗೆ ಹೋಯಿತು.

ಇದು ಚಾರಣಿಗರ ಚೀಲದ ವಿಚಾರವಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಇವರಲ್ಲಿ ಬಹುಪಾಲು ಜನ ಸಾಹಸಕ್ಕೆ ಹೊರಟವರಲ್ಲ, ಹಳ್ಳಿಯವರು; ಗದ್ದೆಗೆ ಇಳಿದವರು, ನೆಲದ ಮೇಲೆ ಮಲಗಿದವರು. ಕಟ್ಟುಹಾವು ರಾತ್ರಿಯ ಜೀವಿ. ಅದು ಕಚ್ಚಿದರೆ ನೋವೂ ಬಾವೂ ಹೆಚ್ಚಾಗಿ ಕಾಣಿಸವು. ಬೆಳಗ್ಗೆ ಹೊಟ್ಟೆನೋವೆನ್ನುತ್ತಾರೆ, ರೆಪ್ಪೆ ಜೋಲುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ಇದಕ್ಕೆ ಚಾಕು ಏನು ಮಾಡೀತು? ಅಂಚನ್ನು ಹಾಸಿಗೆಯಡಿ ಭದ್ರವಾಗಿ ಸಿಕ್ಕಿಸಿದ ಸೊಳ್ಳೆಪರದೆಯೊಂದು, ರಾತ್ರಿ ಕಾಲಿಡುವ ಮುನ್ನ ಬೆಳಗುವ ಟಾರ್ಚೊಂದು, ಇವೇ ಪರಾಕ್ರಮದ ಆಯುಧಗಳು.

ಕಚ್ಚಿದ ಮೇಲೆ ಮಾಡಬೇಕಾದದ್ದು ತೀರ ಸಪ್ಪೆಯಾದದ್ದು, ಆದ್ದರಿಂದಲೇ ಯಾರಿಗೂ ಬೇಡವಾದದ್ದು. ಕಚ್ಚಿಸಿಕೊಂಡವನನ್ನು ಅಲುಗಾಡಗೊಡಬೇಡಿ. ಉಂಗುರ, ಬಳೆ, ಗಡಿಯಾರ, ಕಾಲ್ಗೆಜ್ಜೆ ಕಳಚಿರಿ. ಬಾವು ಬಂದರೆ ಅವೇ ಉರುಳಾಗುತ್ತವೆ. ಮುರಿದ ಮೂಳೆಗೆ ಕಟ್ಟುವಂತೆ ಕಾಲಿಗೆ ದಬ್ಬೆಯಿಟ್ಟು ಸಡಿಲವಾಗಿ ಕಟ್ಟಿರಿ. ನಡೆಸದೆ, ಹೊತ್ತುಕೊಂಡಾದರೂ ಆಸ್ಪತ್ರೆ ಮುಟ್ಟಿಸಿರಿ. ಹಾವನ್ನು ಕೊಂದು ತರುವ ಶೌರ್ಯ ಬೇಡ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಔಷಧ ಒಂದೇ. ಕುದುರೆಯ ರಕ್ತದಿಂದ ತೆಗೆಯುವ ಪ್ರತಿವಿಷ.

ರಜ್ಜು-ಸರ್ಪ ಭ್ರಾಂತಿಯನ್ನು ಕುರಿತು ಶತಮಾನಗಳ ಕಾಲ ಚರ್ಚಿಸಿದ ನಾಡು ನಮ್ಮದು. ಹಗ್ಗವನ್ನು ಹಾವೆಂದು ತಿಳಿಯುವುದು ಹೇಗೆಂಬುದನ್ನು ನಾವು ಕಾಲೇಜಿನಲ್ಲಿ ಗಂಟೆಗಟ್ಟಲೆ ಬಿಡಿಸುತ್ತೇವೆ. ನಿಜವಾದ ಹಾವು ಕಚ್ಚಿದಾಗ ಹಗ್ಗಕ್ಕೆ ಕೈಹಾಕಬಾರದೆಂದು ಹೇಳಲು ನಮಗೆ ಐದು ನಿಮಿಷ ಸಿಕ್ಕುವುದಿಲ್ಲ! 2024ರಲ್ಲಿ ಕರ್ನಾಟಕ ಸರ್ಕಾರ ಹಾವುಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿತು. ಲೆಕ್ಕವಿಡುವುದು ಒಳ್ಳೆಯ ಆರಂಭ. ಆದರೆ ಲೆಕ್ಕಕ್ಕೆ ಸಿಕ್ಕುವ ಮೊದಲೇ ದಾರಿಯಲ್ಲಿ ಸಾಯುವವನನ್ನು ಉಳಿಸಬೇಕಾದರೆ ಈ ನಾಲ್ಕು ಸಪ್ಪೆ ಮಾತುಗಳು ತಿಳಿಗನ್ನಡದಲ್ಲಿ ಪ್ರತಿಯೊಂದು ಶಾಲೆಯ ಮಕ್ಕಳಿಗೆ ಮಗ್ಗಿಯಂತೆ ಬಾಯಿಗೆ ಬರಬೇಕು. ಅಲ್ಲಿಯವರೆಗೆ, ಗುಡ್ಡ ಹತ್ತುವ ಮಿತ್ರರು ಆ ಪಂಪನ್ನು ಮನೆಯಲ್ಲೇ ಬಿಟ್ಟು, ಹೋಗುವ ದಾರಿಯಲ್ಲಿ ಪ್ರತಿವಿಷವಿರುವ ಆಸ್ಪತ್ರೆ ಯಾವುದೆಂದು ವಿಚಾರಿಸಿಕೊಂಡು ಹೊರಡಲಿ.