ಸಾಕ್ಷಿಗೆ ಕರೆದರೆ ಹೋಗುವೆವೇ?



ಮಂಜೇಶ್ವರದಿಂದ ಕಾಸರಗೋಡಿನವರೆಗೆ ಗಾಂಜಾ, ಎಂಡಿಎಂಎ ಹಿಡಿದ ಸುದ್ದಿ ನಮಗೆ ಹೊಸತಲ್ಲ. ಮಾರುವವನನ್ನು ಹಿಡಿಯಲು ಪೊಲೀಸರು ಕೆಲವೊಮ್ಮೆ ಮಫ್ತಿಯಲ್ಲಿ, ಗಿರಾಕಿಗಳಂತೆ ಹೋಗುತ್ತಾರೆ. ನೋಟಿನ ನಂಬರು ಮೊದಲೇ ಬರೆದಿಟ್ಟು, ಸರಕು ಕೈಗೆ ಬಂದೊಡನೆ ಹಿಡಿಯುತ್ತಾರೆ. "ಇದು ಮೋಸವಲ್ಲವೇ ಫಾದರ್?" ಎಂದು ಕೇಳುವವರಿದ್ದಾರೆ. ಮಾರುವ ಮನಸ್ಸಿಲ್ಲದವನನ್ನು ಪುಸಲಾಯಿಸಿ ಮಾರಿಸಿದರೆ ಮೋಸವೇ ಸರಿ. ವ್ಯಾಪಾರಕ್ಕೆಂದೇ ಕುಳಿತವನ ಬಾಗಿಲು ತಟ್ಟಿದರೆ ಅಲ್ಲ.

ಆದರೆ ಹಿಡಿದ ಮಾತ್ರಕ್ಕೆ ಅಪರಾಧ ರುಜುವಾಗದು. ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರಲ್ಲೇ ತನ್ನ ಮೈ ಶೋಧಿಸಬೇಕೆಂದು ಕೇಳುವ ಹಕ್ಕನ್ನು 1985ರ ಮಾದಕ ವಸ್ತು ಕಾಯಿದೆಯ 50ನೇ ಕಲಮು ಆರೋಪಿಗೆ ಕೊಟ್ಟಿದೆ. ಆ ಹಕ್ಕನ್ನು ತಿಳಿಸದೆ ಮೈ ಶೋಧಿಸಿದರೆ, ಸಿಕ್ಕಿದ ವಸ್ತುವೊಂದನ್ನೇ ನಂಬಿ ಶಿಕ್ಷಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 1999ರಲ್ಲಿ ಬಲ್ದೇವ್ ಸಿಂಗ್ ಪ್ರಕರಣದಲ್ಲಿ ತೀರ್ಪಿತ್ತಿತು. ನಿರಪರಾಧಿಯ ರಕ್ಷಣೆಗೆ ಇದು ಅಗತ್ಯ.

ಮಹಜರಿಗೆ ಊರಿನ ಸಾಕ್ಷಿಯಿದ್ದರೆ ಕೇಸಿಗೆ ಬಲ. ನಾವು ಹಿಂಜರಿಯುವುದು ಅಲ್ಲಿಯೇ: "ನಮಗೇಕೆ ಈ ಉಸಾಬರಿ?"

ಎಂಟನೆಯ ದೈವಾಜ್ಞೆ ಸುಳ್ಳು ಸಾಕ್ಷಿಯನ್ನು ನಿಷೇಧಿಸುತ್ತದೆ. ಕಂಡ ಸತ್ಯವನ್ನು ನುಂಗಿಕೊಳ್ಳುವುದೂ ಅದರಿಂದ ಬಹುದೂರವಿಲ್ಲ. ನೆರೆಯವರು ಬಾಯಿ ಕಟ್ಟಿಕೊಂಡಲ್ಲಿ ಪೊಲೀಸರು ವೇಷ ಹಾಕಬೇಕಾಗುತ್ತದೆ. ಮಾರುವವನ ಮುಂದಿನ ಗಿರಾಕಿ ನಮ್ಮ ಮನೆಯ ಮಗನೇ ಆಗಿರಬಹುದು. ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಮರಳುವಾಗ ಪ್ರತಿಯೊಬ್ಬರೂ ಕೇಳಿಕೊಳ್ಳೋಣ: ನಾಳೆ ಸಾಕ್ಷಿಗೆ ಕರೆದರೆ ನಾನು ಹೋಗುವೆನೇ?