ಹಾಸಿಗೆ ಹಿಡಿದವರ ಮನೆಯಲ್ಲಿ



ಕಳೆದ ಮಾಸ ಚಿಂಚೋಳಿ ತಾಲೂಕಿನ ಗ್ರಾಮವೊಂದರಲ್ಲಿ ಪುರಾಣ ಮುಗಿಸಿ ಹೊರಟ ನಮ್ಮನ್ನು ತಾಯಿಯೊಬ್ಬರು ತಮ್ಮ ಮನೆಗೆ ಕರೆದೊಯ್ದರು. ಅವರ ಮಾವನವರು ಲಕ್ವ ಹೊಡೆದು ಎರಡು ವರ್ಷಗಳಿಂದ ಹಾಸಿಗೆ ಹಿಡಿದಿದ್ದಾರೆ. ಮಗ ದುಡಿಮೆಗೆಂದು ಹೈದರಾಬಾದಿನಲ್ಲಿದ್ದಾನೆ. ಮೈ ತೊಳೆಯುವುದು, ಮಗ್ಗುಲು ಹೊರಳಿಸುವುದು, ಗಂಜಿ ಕುಡಿಸುವುದು ಎಲ್ಲವೂ ಸೊಸೆಯ ಪಾಲಿಗೆ. ತೊಗರಿ ಕೊಯ್ಲಿನ ಕೂಲಿಯನ್ನೂ ಆಕೆ ಬಿಟ್ಟಿದ್ದಾರೆ.

"ಅಪ್ಪೋರೆ, ಇಂಥವರಿಗೆ ಸರ್ಕಾರದಾಗ ಏನರ ಅದ ಏನ್ರಿ?" ಎಂದು ಕೇಳಿದರು.

ಇದೆ, ಆದರೆ ಅದು ಬಹುಮಟ್ಟಿಗೆ ಹೊಸ್ತಿಲ ಹೊರಗೇ ನಿಲ್ಲುತ್ತದೆ. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಮಾಸಾಶನವು 2021ರಲ್ಲಿ 1,200 ರೂಪಾಯಿಗೇರಿತು. 2018ರ ಆಯುಷ್ಮಾನ್ ಭಾರತ ಯೋಜನೆಯು ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ವೆಚ್ಚವನ್ನು ಭರಿಸುತ್ತದೆ. ಆದರೆ ಅದು ಆಸ್ಪತ್ರೆಗೆ ದಾಖಲಾದವರಿಗಾಗಿ. ಬಿಡುಗಡೆಯ ನಂತರದ ವೆಚ್ಚಕ್ಕೆ 15 ದಿನಗಳ ಮಿತಿ. ಹದಿನಾರನೆಯ ದಿನದಿಂದ ರೋಗಿಯ ಭಾರವೆಲ್ಲ ಮನೆಯವರದು. ತಂದೆತಾಯಿಗಳ ಪೋಷಣೆಯ 2007ರ ಕಾಯಿದೆಯು ಹೆತ್ತವರನ್ನು ಕೈಬಿಟ್ಟ ಮಕ್ಕಳನ್ನು ಸೇಡಂನ ಉಪವಿಭಾಗಾಧಿಕಾರಿಗಳ ಮುಂದೆ ನಿಲ್ಲಿಸಬಲ್ಲದು. ಕೈಬಿಡದೆ ಸೇವೆಗೈಯುವವರಿಗೆ ಅದರಲ್ಲಿ ಆಸರೆಯಿಲ್ಲ.

ಇದು ಅಸಾಧ್ಯವಾದ ಕಾರ್ಯವೇನಲ್ಲ. ನೆರೆಯ ಕೇರಳವು 2008ರಲ್ಲಿಯೇ ಉಪಶಮನ ಆರೈಕೆಯ ನೀತಿಯನ್ನು ಘೋಷಿಸಿ, ಪಂಚಾಯತಿಗಳ ಆಶ್ರಯದಲ್ಲಿ ತರಬೇತಿ ಪಡೆದ ದಾದಿಯರನ್ನು ರೋಗಿಗಳ ಮನೆಬಾಗಿಲಿಗೆ ಕಳುಹಿಸಿತು. ಮನೆಯಲ್ಲಿ ಆರೈಕೆ ಮಾಡುವವರಿಗೂ ಒಂದು ಸಣ್ಣ ಸಹಾಯಧನವನ್ನು ಗೊತ್ತುಪಡಿಸಿತು. ನಮ್ಮಲ್ಲಿಯೂ ದಾರಿ ಪೂರ್ಣವಾಗಿ ಮುಚ್ಚಿಲ್ಲ. 2010ರಲ್ಲಿ ಆರಂಭವಾದ ವೃದ್ಧರ ಆರೋಗ್ಯಪಾಲನೆಯ ರಾಷ್ಟ್ರೀಯ ಕಾರ್ಯಕ್ರಮದ ಮಾರ್ಗಸೂಚಿಯಲ್ಲಿ ಹಾಸಿಗೆ ಹಿಡಿದವರ ಗೃಹಭೇಟಿಯೂ ಸೇರಿದೆ. ಕೇಳುವವರಿಲ್ಲದಿದ್ದರೆ ಅದು ಕಾಗದದಲ್ಲಿಯೇ ಉಳಿಯುತ್ತದೆ.

ಆದುದರಿಂದ ಇಂತಹ ರೋಗಿಗಳಿರುವ ಮನೆಯವರು ಗೃಹಭೇಟಿಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲಿ ಹಾಸಿಗೆ ಹಿಡಿದವರ ಹೆಸರುಗಳನ್ನು ನಡಾವಳಿಯಲ್ಲಿ ಬರೆಯಿಸಿರಿ. ಎಷ್ಟು ಮನೆಗಳೆಂಬುದೇ ತಿಳಿಯದಿದ್ದರೆ ಸರ್ಕಾರವು ದಾದಿಯರನ್ನು ಎಲ್ಲಿಗೆ ಕಳುಹಿಸೀತು? ನೆರೆಹೊರೆಯವರು ವಾರಕ್ಕೊಮ್ಮೆ ಅರ್ಧ ದಿನವಾದರೂ ರೋಗಿಯ ಬಳಿ ಕುಳಿತು ಆರೈಕೆ ಮಾಡುವವರಿಗೆ ಬಿಡುವು ಕೊಡಿರಿ.

ಆ ಸೊಸೆಯ ಸೇವೆ ನಿಜವಾದ ಕಾಯಕ. ಆದರೆ ಕಾಯಕಗೈಯುವವರ ಬೆನ್ನು ಬಾಗುತ್ತಿರುವಾಗ ನಾವು ಬರಿಯ ಹೊಗಳಿಕೆಯಲ್ಲಿ ನಿಂತರೆ ದಾಸೋಹದ ಮಾತಾಡುವ ಅಧಿಕಾರ ನಮಗೆಲ್ಲಿಯದು? ಅಂದು ಸಂಜೆ ಆ ತಾಯಿಯ ಅರ್ಜಿಯನ್ನು ನಾವೇ ಬರೆದುಕೊಟ್ಟೆವು. ನಿಮ್ಮೂರಿನಲ್ಲಿ ಬರೆದುಕೊಡುವವರು ನೀವಾಗಿರಿ.